ರಾಮಾಂಜಿನಪ್ಪನ ಸುರಕ್ಷಿತ ಕಿಚ್ಚು

ದೇಶ ಅಪಾಯದಲ್ಲಿದೆ, ನಿಮ್ಮೂರಿನಿಂದ ಒಬ್ಬನನ್ನು ಕೂಡಲೇ ಕಳಿಸಿ ಎಂದು ತಾಲ್ಲೂಕು ಕಚೇರಿಯಿಂದ ಕಾಗದ ಬಂದದ್ದು ಎಪ್ಪತ್ತೊಂದನೇ ಇಸವಿಯ ಡಿಸೆಂಬರಿನಲ್ಲಿ. ಶತ್ರುವಿನ ವಿಮಾನ ಬಾಂಬು ಹಾಕಿ ಹೋದರೆ ಬೆಂಕಿ ಆರಿಸುವುದು ಹೇಗೆಂದು ಬೆಂಗಳೂರಿನಲ್ಲಿ ಮೂರು ದಿನ ಹೇಳಿಕೊಡುತ್ತಾರಂತೆ, ಊಟ ತಿಂಡಿಯೂ ಅಲ್ಲಿಯದೇ ಅಂತೆ. ಆಗ ನಮ್ಮಲ್ಲಿ ರಾಗಿ ಒಕ್ಕಣೆಯ ಕಾಲ. ಕಣದಲ್ಲಿ ಮೆದೆ ಬಿಟ್ಟು ದೇಶ ಕಾಯಲು ಯಾರು ಹೋಗುತ್ತಾರೆ? ಊರಿನ ಹಿರಿಯರಾದ ಪಿಳ್ಳಪ್ಪನವರು ಅರಳೀಕಟ್ಟೆಯ ಮೇಲೆ ಕೂತು, ಯಾರು ಮೂರು ದಿನ ಊರಲ್ಲಿಲ್ಲದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ ಎಂದು ಒಂದೊಂದೇ ಮನೆಯನ್ನು ನೆನೆದುಕೊಂಡು ಬಂದರು. ಹೆಚ್ಚು ಹೊತ್ತು ಹಿಡಿಯಲಿಲ್ಲ. ಸೊಣ್ಣಮ್ಮನ ಮನೆಅಳಿಯ ರಾಮಾಂಜಿನಪ್ಪ ಅಂದೇ ಮಧ್ಯಾಹ್ನದ ಬಸ್ಸು ಹತ್ತಿದ.

ಅವನು ತರಬೇತಿ ಮುಗಿಸಿ ಊರಿಗೆ ಇಳಿದ ದಿನವೇ ಯುದ್ಧವೂ ಮುಗಿಯಿತು. ರೇಡಿಯೋದಲ್ಲಿ ಗೆದ್ದ ಸುದ್ದಿ ಕೇಳಿ ಊರೆಲ್ಲ ಬೆಲ್ಲ ಹಂಚಿಕೊಂಡು ತಿಂದರೆ, ಇವನೊಬ್ಬ ಮುಖ ಇಳಿಬಿಟ್ಟುಕೊಂಡು ಜಗಲಿಯ ಮೇಲೆ ಕೂತಿದ್ದ. ಪಾಪ, ಅವನ ಸಂಕಟ ಅವನಿಗೆ. ಕುತ್ತಿಗೆಗೆ ವಿಶಲ್ಲು, ತೋಳಿಗೆ ಹಳದಿ ಪಟ್ಟಿ, ತಲೆಗೆ ಖಾಕಿ ಟೋಪಿ, ಕಂಕುಳಲ್ಲಿ ಅಚ್ಚು ಹಾಕಿದ ಐದು ಫಾರಂ. ಇಷ್ಟೆಲ್ಲ ಕೊಟ್ಟು ಶತ್ರುವನ್ನು ವಾಪಸು ಕಳಿಸಿಬಿಟ್ಟರೆ ಮನುಷ್ಯ ಏನು ಮಾಡಬೇಕು?

ಆದರೆ ದೇವರು ದೊಡ್ಡವನು. ಬಾಂಬು ತಪ್ಪಿದರೂ ಸಂಕ್ರಾಂತಿ ಬರುತ್ತಿತ್ತು.

ನಮ್ಮೂರು ನಲ್ಲೂರಿನ ಹುಣಸೇತೋಪಿನಿಂದ ಎರಡು ಮೈಲಿ ಆಚೆ. ಸಂಕ್ರಾಂತಿಯ ಸಂಜೆ ಊರ ಮುಂದೆ ಮಣ್ಣಿನಲ್ಲಿ ಕಟ್ಟಿದ ದನಗಳ ದೇವರು ಕಾಟಮರಾಯನಿಗೆ ಪೂಜೆ ಮಾಡಿ, ದಾರಿಗೆ ಅಡ್ಡಲಾಗಿ ಹುಲ್ಲು ಹರಡಿ ಬೆಂಕಿ ಹಚ್ಚಿ, ಊರಿನ ದನಗಳನ್ನೆಲ್ಲ ಅದರ ಮೇಲೆ ಹಾರಿಸುತ್ತೇವೆ. ಅದೇ ಕಿಚ್ಚು ಹಾಯಿಸುವುದು. ಹಗ್ಗ ಹಿಡಿದವನೂ ಎತ್ತಿನ ಜೊತೆಗೇ ಹಾರಬೇಕು. ಮೊದಲ ಜೋಡಿ ಯಾವಾಗಲೂ ಸೊಣ್ಣಮ್ಮನ ಮನೆಯದು. ಆಕೆಯ ಮಾವನ ಕಾಲದಿಂದ ಬಂದ ಮರ್ಯಾದೆ. ಗಂಡ ತೀರಿಕೊಂಡ ಮೇಲೆ ಎರಡು ವರ್ಷ ಆಕೆಯ ತಮ್ಮ ಬಂದು ಹಗ್ಗ ಹಿಡಿದಿದ್ದ. ಈ ವರ್ಷ ಅವನು ಕಾಲು ಮುರಿದುಕೊಂಡು ತ್ಯಾಮಗೊಂಡ್ಲಿನಲ್ಲಿ ಮಲಗಿದ್ದ. ಉಳಿದ ಗಂಡಸು ಎಂದರೆ ರಾಮಾಂಜಿನಪ್ಪ. ಇವನೋ, ಬೀಡಿಯನ್ನೂ ಹೆಂಡತಿಯ ಕೈಲಿ ಒಲೆಯ ಕೆಂಡದಿಂದ ಹಚ್ಚಿಸಿಕೊಂಡು ಸೇದುವವನು.

ಅವರ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಆದ್ದರಿಂದ ನಾನು ಹೇಳುವುದರಲ್ಲಿ ಊಹೆ ಕಮ್ಮಿ, ಕೇಳಿದ್ದೇ ಹೆಚ್ಚು.

"ಅಳಿಯಂದ್ರೆ, ಈ ಸಲ ಹಗ್ಗ ನೀವೇ ಹಿಡೀಬೇಕು," ಎಂದು ಸೊಣ್ಣಮ್ಮ ಹಬ್ಬಕ್ಕೆ ಎಂಟು ದಿನ ಇರುವಾಗಲೇ ಹೇಳಿದಳು. ಆಕೆ ಅಳಿಯನಿಗೆ ಬಹುವಚನ ಬಿಟ್ಟು ಮಾತಾಡಿದವಳಲ್ಲ. ಬೈಯುವುದೂ ಬಹುವಚನದಲ್ಲೇ.

"ಹಿಡೀಬಹುದು ಅತ್ತೆ. ಆದ್ರೆ ಬೆಂಕಿ ಅನ್ನೋದು ಸಾಮಾನ್ಯ ಅಲ್ಲ. ಅದ್ರಲ್ಲಿ ಮೂರು ವಿಧ ಇದೆ," ಎಂದ ರಾಮಾಂಜಿನಪ್ಪ.

"ನಮ್ಗೆ ಒಂದೇ ವಿಧ ಗೊತ್ತಿರೋದು. ನೀವು ಒಂದ್ಸಲ ಹಾರ್ಬಿಟ್ರೆ ಸಾಕು. ನಾವು ಬಿಟ್ರೆ ಮೊದಲ್ನೇ ಜೋಡಿ ತಂದಾಗ್ಲಿ ಅಂತ ಆ ಆದಿನಾರಾಯಣಪ್ಪ ಬಾಯ್ ತಕ್ಕೊಂಡ್ ಕಾಯ್ತಾ ಅವ್ನೆ."

ಮಾರನೆಯ ದಿನದಿಂದಲೇ ಮನೆಯಲ್ಲಿ ಸುರಕ್ಷತೆ ಶುರುವಾಯಿತು. ಒಲೆಯ ಪಕ್ಕದಲ್ಲಿ ಒಂದು ಬಕೀಟು ಮರಳು, ಒಂದು ಬಕೀಟು ನೀರು, ಬಾಗಿಲ ಹಿಂದೆ ಒದ್ದೆ ಗೋಣಿಚೀಲ. ಅವನ ಹೆಂಡತಿ ಗಂಗಲಕ್ಷ್ಮಮ್ಮ ಹಬ್ಬದ ಕಜ್ಜಾಯಕ್ಕೆ ಬಾಣಲೆಯಲ್ಲಿ ಎಣ್ಣೆ ಕಾಯಿಸುತ್ತಿದ್ದಳು. ಎಣ್ಣೆ ಸ್ವಲ್ಪ ಹೊಗೆಯಾಡಿತು. ಗೋಡೆಯಾಚೆಯಿಂದ ವಿಶಲ್ಲು ಕೇಳಿಸಿತು, ಆಮೇಲೆ ಧೊಪ್ಪೆಂದು ಮರಳು ಸುರಿದ ಶಬ್ದ, ಆಮೇಲೆ ಸೊಣ್ಣಮ್ಮನ ಧ್ವನಿ.

"ಅಳಿಯಂದ್ರೆ, ನಿಜ್ವಾಗ್ಲೂ ಬಾಂಬು ಬಿದ್ದಿದ್ರೂ ಇಷ್ಟು ನಷ್ಟ ಆಗ್ತಿರ್ಲಿಲ್ಲ."

ಆ ಸಂಜೆ ಗಂಗಲಕ್ಷ್ಮಮ್ಮ ನಮ್ಮ ಮನೆಗೂ ಒಂದು ತಟ್ಟೆ ಕಜ್ಜಾಯ ಕೊಟ್ಟಳು. ರಾಮಾಂಜಿನಪ್ಪನ ದಯೆಯಿಂದ ಅವು ಬಾಯಲ್ಲಿ ಕರಗದೆ ಬಹಳ ಹೊತ್ತು ಉಳಿದವು.

ಹಬ್ಬಕ್ಕೆ ಐದು ದಿನ ಇರುವಾಗ ಅವನು ಟೋಪಿ ಹಾಕಿಕೊಂಡು ಅರಳೀಕಟ್ಟೆಗೆ ಬಂದ. ಕಟ್ಟೆಯ ಮೇಲೆ ಪಿಳ್ಳಪ್ಪನವರು, ಆದಿನಾರಾಯಣಪ್ಪ, ನಾನು, ಇನ್ನೂ ನಾಲ್ಕೈದು ಜನ ಕಡಲೆಕಾಯಿ ಬಿಡಿಸುತ್ತ ಕೂತಿದ್ದೆವು. ಅವನು ಜೇಬಿನಿಂದ ಚೀಟಿ ತೆಗೆದು, ಸುರಕ್ಷಿತ ಕಿಚ್ಚಿನ ನಿಯಮಗಳನ್ನು ಗಂಟಲು ಸರಿಮಾಡಿಕೊಂಡು ಓದಿದ. ಬೆಂಕಿಯ ಎತ್ತರ ಒಂದು ಗೇಣು ಮೀರಬಾರದು. ಜನ ನೂರು ಅಡಿ ದೂರ ನಿಲ್ಲಬೇಕು. ಹಾಯುವ ಪ್ರತಿ ಎತ್ತಿಗೂ ಒದ್ದೆ ಗೋಣಿಚೀಲ ಹೊದಿಸಬೇಕು.

ಪಿಳ್ಳಪ್ಪನವರ ಕೈಯಲ್ಲಿದ್ದ ಕಡಲೆಕಾಯಿ ಕೈಯಲ್ಲೇ ಉಳಿಯಿತು. "ಏನಪ್ಪಾ ಅಳಿಯ, ಬೆಳಿಗ್ಗೆಯಿಂದ ಕೆರೇಲಿ ಮೈ ತೊಳ್ದು, ಅರಿಶಿನ ಹಚ್ಚಿ, ಕೊಂಬಿಗೆ ಬಣ್ಣ ಬಳ್ದು, ಟೇಪು ಕಟ್ಟಿ, ಕೊನೇಗೆ ಅದ್ರ ಮೇಲೆ ಗೋಣಿ ಹೊದ್ಸೋದಾ? ಅದೇನು ಎತ್ತಾ, ಸಂತೆಗೆ ಹೋಗೋ ಈರುಳ್ಳಿ ಮೂಟೆನಾ?"

"ಅಲ್ಲ ದೊಡ್ಡಪ್ಪ, ಒಂದು ಗೇಣು ಬೆಂಕಿ ಆದ್ರೆ ಅಪಾಯ ಇರಲ್ಲ..."

"ಒಂದು ಗೇಣು ಬೆಂಕೀಲಿ ಎತ್ತು ಹಾಯಲ್ಲ ಕಣಪ್ಪ, ಗೆಣಸು ಬೇಯುತ್ತೆ."

ಎಲ್ಲರೂ ನಕ್ಕರು. ನಗದಿದ್ದವನು ಆದಿನಾರಾಯಣಪ್ಪ ಒಬ್ಬನೇ. ಅವನು ಬಹಳ ಮರುಕದಿಂದ ತಲೆ ಆಡಿಸಿದ. "ನಗ್ಬೇಡಿ ಪಾಪ. ಬೆಂಗ್ಳೂರಿಗೆ ಹೋಗಿ ಕಲ್ತು ಬಂದವ್ನೆ, ಬೆಂಕಿ ಏನು ಅಂತ ನಮ್ಗಿಂತ ಅವ್ನಿಗೆ ಗೊತ್ತು. ಭಯ ಆಗುತ್ತೆ ಅಂದ್ರೆ ಬಲವಂತ ಯಾಕೆ ಗುರು? ನೀನು ದೂರ ನಿಂತು ಪೀಪಿ ಊದು. ಮೊದಲ್ನೇ ಜೋಡಿ ನಮ್ಮ ಮನೇದಿರ್ಲಿ."

ಅವನು ಆ ಮಾತಿಗಾಗಿ ಹತ್ತು ವರ್ಷ ಕಾದಿದ್ದ. ಪಿಳ್ಳಪ್ಪನವರು ತೀರ್ಪು ಹೇಳಿದರು. "ಮೊದ್ಲು ಸೊಣ್ಣಮ್ಮನ ಎತ್ತು. ಕೂಗಿದಾಗ ಹಗ್ಗ ಹಿಡಿಯೋಕೆ ಆ ಮನೇವ್ರು ಮುಂದಕ್ಕೆ ಬರ್ಲಿಲ್ಲ ಅಂದ್ರೆ ಆದಿನಾರಾಯಣಪ್ಪಂದು. ಒಂದ್ಸಲ ಕೈಬಿಟ್ರೆ ಮುಗೀತು, ಆಮೇಲೆ ಮೊಮ್ಮಕ್ಕಳ ಕಾಲಕ್ಕೂ ಕೇಳಂಗಿಲ್ಲ."

ಸುದ್ದಿ ರಾಮಾಂಜಿನಪ್ಪನಿಗಿಂತ ಮೊದಲೇ ಮನೆ ಸೇರಿತ್ತು. ಆವತ್ತು ಗೋಡೆಯಾಚೆ ಬಹುವಚನ ಬಹಳ ಜೋರಾಗಿ ಕೇಳಿಸಿತು.

ಇನ್ನು ಉಳಿದದ್ದು ಸರ್ಕಾರ. ರಾಮಾಂಜಿನಪ್ಪ ಐದು ಫಾರಂಗಳಲ್ಲಿ ಒಂದನ್ನು ಹೊರಗೆ ತೆಗೆದ. ಬೆಂಕಿ ಅನಾಹುತ ನಡೆದ ಮೇಲೆ ತುಂಬಿ ಕಳಿಸಬೇಕಾದ ವರದಿಯ ಫಾರಂ ಅದು. ಅನಾಹುತ ಆದಮೇಲೆ ಬರೆದು ಏನು ಉಪಯೋಗ, ಮೊದಲೇ ಬರೆದರಲ್ಲವೇ ಮುಂಜಾಗ್ರತೆ ಎಂಬುದು ಅವನ ವಾದ. ಇದನ್ನು ಓದಿದ ಮೇಲಿನವರು ಹೆದರಿ ಕಿಚ್ಚನ್ನೇ ನಿಲ್ಲಿಸಿದರೆ ತಾನು ಹಾರುವುದೂ ತಪ್ಪುತ್ತದೆ, ಮರ್ಯಾದೆಯೂ ಮನೆಯಲ್ಲೇ ಉಳಿಯುತ್ತದೆ ಎಂಬುದು ಅವನು ಯಾರಿಗೂ ಹೇಳದ ವಾದ. ನನ್ನ ಅಕ್ಷರ ದುಂಡಗಿದೆ ಎಂದು ನನ್ನ ಕೈಯಲ್ಲೇ ಬರೆಸಿದ. ನಾನು ಬರೆದುಕೊಟ್ಟೆ. ಬೇರೆಯವರ ಮನೆ ಗಂಡಾಂತರಕ್ಕೆ ಅಕ್ಷರ ಸಹಾಯ ಮಾಡುವುದಕ್ಕೆ ನಾನು ಎಂದೂ ಹಿಂದೆ ಬಿದ್ದವನಲ್ಲ.

ಬೆಂಕಿ ಬಿದ್ದ ಸ್ಥಳ: ಊರ ಮುಂದೆ. ದಿನ, ಸಮಯ: ಜನವರಿ ಹದಿನಾಲ್ಕು, ಸಂಜೆ ಆರು ಗಂಟೆ. ಬೆಂಕಿಗೆ ಕಾರಣ: ಬೇಕೆಂದೇ ಹಚ್ಚಿದ್ದು. ಹಚ್ಚಿದವರು: ಪಿಳ್ಳಪ್ಪ, ಊರಿನವರೆಲ್ಲರ ಸಹಾಯದಿಂದ. ಪ್ರಾಣನಷ್ಟ ಎಂಬ ಕಡೆಗೆ ಬಂದಾಗ ರಾಮಾಂಜಿನಪ್ಪ ಬಹಳ ಹೊತ್ತು ಸೂರಿನ ಕಡೆ ನೋಡಿದ.

"ಒಂದು ಅಂತ ಬರೀರಿ," ಎಂದ.

"ಹೆಸರು ಕೇಳಿದಾರೆ ಕಣಯ್ಯ."

"ನಂದೇ ಬರೀರಿ. ರಾಮಾಂಜಿನಪ್ಪ, ವಯಸ್ಸು ಮೂವತ್ತೆರಡು," ಎಂದು ಹೇಳುವಾಗ ಅವನ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

ಅವನು ಸಹಿ ಹಾಕಿ ಟಪಾಲಿನಲ್ಲಿ ಕಳಿಸಿದ ಆ ಫಾರಂ ತಾಲ್ಲೂಕು ಕಚೇರಿಯಲ್ಲಿ ಎಷ್ಟು ಮೇಜು ಸುತ್ತಿತೋ ತಿಳಿಯದು, ಕೊನೆಗೆ ಪೊಲೀಸ್ ಠಾಣೆಗೆ ಹೋಗಿ ಬಿತ್ತು. ಠಾಣೆಯಲ್ಲಿದ್ದ ದಫೇದಾರರು ಘಟ್ಟದ ಕೆಳಗಿನಿಂದ ವರ್ಗವಾಗಿ ಬಂದು ಇನ್ನೂ ಎರಡು ತಿಂಗಳಾಗಿರಲಿಲ್ಲ. ಕಿಚ್ಚು ಹಾಯಿಸುವುದನ್ನು ಅವರು ಕಂಡವರಲ್ಲ, ಕೇಳಿದವರಲ್ಲ. ಅವರ ಕೈಕೆಳಗಿನ ಇಬ್ಬರು ಪೇದೆಗಳು ಇದೇ ಸೀಮೆಯವರು, ಚಿಕ್ಕಂದಿನಿಂದ ಕಿಚ್ಚು ಹಾರಿ ಬೆಳೆದವರು. ಆದರೆ ದಫೇದಾರರು ಕೇಳಲಿಲ್ಲ, ಅವರು ಹೇಳಲಿಲ್ಲ. ಶಿಸ್ತು ಎಂದರೆ ಅದೇ.

ಹಬ್ಬದ ದಿನ ನಾಲ್ಕು ಗಂಟೆಗೆ ಮೂರು ಸೈಕಲ್ಲು ಊರೊಳಗೆ ಬಂದವು. ಅರಳೀಕಟ್ಟೆಯ ಮುಂದೆ ಸೈಕಲ್ಲು ನಿಲ್ಲಿಸಿ ದಫೇದಾರರು ಫಾರಂ ಬಿಡಿಸಿದರು.

"ಇಲ್ಲಿ ಪಿಳ್ಳಪ್ಪ ಅಂದ್ರೆ ಯಾರು?"

"ನಾನೇ ಸ್ವಾಮಿ."

"ಇವತ್ತು ಸಂಜೆ ಆರು ಗಂಟೆಗೆ ಬೆಂಕಿ ಹಾಕುದು ನೀವೋ?"

"ಹೌದು ಸ್ವಾಮಿ. ಎಲ್ಲಾ ರೆಡಿ ಮಾಡಿದೀವಿ," ಎಂದರು ಪಿಳ್ಳಪ್ಪನವರು ಸಂತೋಷದಿಂದ.

ದಫೇದಾರರು ಒಂದು ಹೆಜ್ಜೆ ಹಿಂದೆ ಸರಿದರು. ಅವರ ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಯಾರೂ ಇಷ್ಟು ಸಲೀಸಾಗಿ ತಪ್ಪು ಒಪ್ಪಿಕೊಂಡಿರಲಿಲ್ಲ. "ಮೊದಲು ಎಂದಾದರೂ ಹೀಗೆ ಬೆಂಕಿ ಹಾಕಿದ್ದುಂಟೋ?"

"ವರ್ಷಾ ವರ್ಷಾ ಹಾಕ್ತೀನಲ್ಲಾ. ನಮ್ಮಪ್ಪನೂ ಹಾಕ್ತಿದ್ರು, ನಮ್ ತಾತನೂ ಹಾಕ್ತಿದ್ರು."

"ಪೊಲೀಸ್ನವರು ಎಂತ ಮಾಡ್ತಿದ್ರು ಹಾಗಾದ್ರೆ?"

"ಹಿಂದೆ ಇದ್ದ ದಫೇದಾರ್ರು ಭಾಳ ಒಳ್ಳೇವ್ರು ಸ್ವಾಮಿ. ಅವ್ರೇ ಬಂದು ಕಡ್ಡಿ ಗೀರಿ ಕೊಟ್ರು. ಆಮೇಲೆ ಹಿದುಕಬೇಳೆ ಸಾರಲ್ಲಿ ಊಟ ಮಾಡ್ಕೊಂಡ್ ಹೋದ್ರು."

ದಫೇದಾರರು ಹಣೆಯ ಬೆವರು ಒರೆಸಿಕೊಂಡರು. ಪೇದೆಗಳಿಬ್ಬರೂ ಬಹಳ ಆಸಕ್ತಿಯಿಂದ ಅರಳೀಮರದ ಎಲೆ ನೋಡುತ್ತಿದ್ದರು.

"ಅದಿರಲಿ. ಸಾಯುವವ ಎಲ್ಲಿ?"

"ಯಾರು ಸ್ವಾಮಿ?"

"ರಾಮಾಂಜಿನಪ್ಪ. ಮೂವತ್ತೆರಡು ವರ್ಷ. ಇವತ್ತು ಬೆಂಕಿಯಲ್ಲಿ ಸಾಯ್ತಾನೆ ಅಂತ ಉಂಟು ಇದರಲ್ಲಿ."

ಮಾತು ಗಾಳಿಯಲ್ಲಿ ಹೋಯಿತು. ಕಟ್ಟೆಯಿಂದ ಸೊಣ್ಣಮ್ಮನ ಮನೆಗೆ ಐವತ್ತು ಹೆಜ್ಜೆ; ಅಷ್ಟರಲ್ಲಿ ಸಾಯ್ತಾನೆ ಎಂಬುದು ಸತ್ತ ಎಂದಾಗಿತ್ತು. ಗಂಗಲಕ್ಷ್ಮಮ್ಮ ಎದೆ ಬಡಿದುಕೊಂಡು ಬೀದಿಗೆ ಬಂದಳು. ಅವಳ ಹಿಂದೆ ಕೇರಿಯ ಹೆಂಗಸರೆಲ್ಲ ಬಂದರು. ಇವರ ನಡುವೆ ಏನು ಗಲಾಟೆ ಎಂದು ವಿಚಾರಿಸುತ್ತ ಟೋಪಿ ಹಾಕಿಕೊಂಡು ರಾಮಾಂಜಿನಪ್ಪನೂ ಬಂದ. ಅವನನ್ನು ಕಣ್ಣಾರೆ ಕಂಡ ಮೇಲೆ ಹೆಂಗಸರ ಅಳು ಇಮ್ಮಡಿಯಾಯಿತು. ದ್ಯಾವಮ್ಮ ಎಂಬ ಮುದುಕಿಯಂತೂ, "ಎಂಥಾ ಬಂಗಾರದಂಥ ಮನುಷ್ಯ ಇದ್ನಲ್ಲಪ್ಪೋ," ಎಂದು ಅವನ ಗಲ್ಲವನ್ನೇ ಹಿಡಿದುಕೊಂಡು ಅತ್ತಳು.

ಅಷ್ಟು ಹೊತ್ತಿಗೆ ಯಾರೋ ದಫೇದಾರರಿಗೆ ಕಿಚ್ಚು ಎಂದರೇನೆಂದು ವಿವರಿಸಿದ್ದರು. ಅವರಿಗೆ ಅರ್ಥವೂ ಆಯಿತು. ಆದರೆ ಕೈಯಲ್ಲಿ ಕಾಗದ ಇತ್ತಲ್ಲ.

"ಬೆಂಕಿ ನಿಮ್ಮ ಹಬ್ಬ, ಆಯ್ತು. ಸಾಯುದು ಹಬ್ಬ ಅಲ್ಲವಲ್ಲ ಮಾರಾಯ್ರೆ? ಈ ರಾಮಾಂಜಿನಪ್ಪ ಅನ್ನುವ ಜನ ತಾನೇ ಸಾಯ್ತೇನೆ ಅಂತ ಸಹಿ ಹಾಕಿ ಕೊಟ್ಟಿದ್ದಾನೆ. ಅದು ಅಪರಾಧ. ಇವನ ಎರಡೂ ಕೈ ಹಿಡ್ಕೊಳ್ಳಿ. ಬೆಂಕಿ ಪೂರ್ತಿ ಆರುವವರೆಗೆ ಬಿಡ್ಲಿಕ್ಕಿಲ್ಲ."

ಪೇದೆಗಳು ಒಬ್ಬೊಬ್ಬರು ಒಂದೊಂದು ತೋಳು ಹಿಡಿದರು. ಮದುವೆಯ ದಿನವೂ ರಾಮಾಂಜಿನಪ್ಪನ ಮುಖದಲ್ಲಿ ಅಂಥ ಕಳೆ ಇರಲಿಲ್ಲ.

"ಅತ್ತೆ, ನೋಡಿ," ಎಂದು ಅವನು ಕೂಗಿದ. "ನಾನೇನೋ ಹಾರೋಕೆ ತಯಾರಾಗೇ ಇದ್ದೆ. ಸರ್ಕಾರ ಬಿಡ್ತಾ ಇಲ್ಲ."

ಸೊಣ್ಣಮ್ಮ ಎತ್ತುಗಳ ಹಣೆಗೆ ಕುಂಕುಮ ಇಡುತ್ತಿದ್ದವಳು ಅದನ್ನೇ ಮುಂದುವರಿಸಿದಳು. ಬೆಳಿಗ್ಗೆಯಿಂದ ಆಕೆಯೇ ಅವುಗಳ ಮೈ ತಿಕ್ಕಿ, ಕೊಂಬು ಹೆರೆದು, ಒಂದಕ್ಕೆ ಕೆಂಪು ಒಂದಕ್ಕೆ ಹಸಿರು ಬಳಿದಿದ್ದಳು. ಕರುಗಳಾಗಿದ್ದಾಗ ಅವಕ್ಕೆ ರಾಗಿ ಅಂಬಲಿ ಕುಡಿಸಿದವಳೂ ಆಕೆಯೇ.

ಆರು ಗಂಟೆಗೆ ಕಾಟಮರಾಯನ ಪೂಜೆ ಮುಗಿಯಿತು. ತಮಟೆ ಶುರುವಾಯಿತು. ಪಿಳ್ಳಪ್ಪನವರು ಹುಲ್ಲಿಗೆ ಬೆಂಕಿ ಇಟ್ಟರು. ದಫೇದಾರರು ಅದನ್ನು ತಮ್ಮ ಡೈರಿಯಲ್ಲಿ ಸಮಯದ ಸಮೇತ ಬರೆದುಕೊಂಡರು. ಬೆಂಕಿ ಆಳೆತ್ತರ ಎದ್ದಿತು. ಆದಿನಾರಾಯಣಪ್ಪ ಪಂಚೆ ಎತ್ತಿಕಟ್ಟಿ, ತನ್ನ ಜೋಡಿಯ ಹಗ್ಗ ಹಿಡಿದು, ಆಗಲೇ ಅರ್ಧ ದಾರಿಗೆ ಬಂದು ನಿಂತಿದ್ದ.

"ಸೊಣ್ಣಮ್ಮನ ಮನೇವ್ರು ಯಾರಪ್ಪಾ?" ಎಂದು ಪಿಳ್ಳಪ್ಪನವರು ಕೂಗಿದರು. ಎಲ್ಲರೂ ರಾಮಾಂಜಿನಪ್ಪನ ಕಡೆ ನೋಡಿದರು. ಅವನು ತನ್ನ ಎರಡು ತೋಳುಗಳನ್ನೂ ನೋಡಿ, ಹೇಗೆ ಬರಲಿ ಎಂಬಂತೆ ಮುಖ ಮಾಡಿದ.

"ಸೊಣ್ಣಮ್ಮನ ಮನೇವ್ರು ಇದೀರೋ ಇಲ್ವೋ?"

ಆದಿನಾರಾಯಣಪ್ಪ ಹಗ್ಗ ಜಗ್ಗಿದ. ಆಗ ಜನ ಸರಿದು ದಾರಿ ಬಿಟ್ಟದ್ದು ಕಂಡಿತು. ಐವತ್ತೆಂಟು ವರ್ಷದ ಸೊಣ್ಣಮ್ಮ ಸೀರೆಯನ್ನು ಮೊಣಕಾಲಿನವರೆಗೆ ಎತ್ತಿ ಕಚ್ಚೆ ಕಟ್ಟಿ, ಸೆರಗನ್ನು ಸೊಂಟಕ್ಕೆ ಬಿಗಿದು, ಎತ್ತುಗಳ ನಡುವೆ ಬರುತ್ತಿದ್ದಳು. ನನಗೆ ಬೇಡ ಎಂದು ಹೇಳಬೇಕು ಅನ್ನಿಸಿತು, ಆದರೆ ಹೇಳಿದ್ದರೆ ನನ್ನನ್ನೂ ಹಾಯಿಸಿಕೊಂಡು ಹೋಗುತ್ತಿದ್ದಳು. "ಹೋ ಹೋ ನನ್ನಪ್ಪಂದ್ರಾ!" ಎಂದು ಒಮ್ಮೆ ಎತ್ತುಗಳ ಬೆನ್ನು ಚಪ್ಪರಿಸಿ ಓಡಿದಳು. ಕೆಂಪು ಕೊಂಬು, ಹಸಿರು ಕೊಂಬು, ನರೆತ ತಲೆ, ಮೂರೂ ಒಟ್ಟಿಗೆ ಬೆಂಕಿಯ ಮೇಲೆ ಕಂಡು ಆಚೆ ಇಳಿದವು.

ತಮಟೆಯವನು ಬಡಿಯುವುದನ್ನೇ ಮರೆತ. ಮೊದಲು ಬಾಯಿ ಬಂದದ್ದು ಆದಿನಾರಾಯಣಪ್ಪನಿಗೆ. "ಇದು ಲೆಕ್ಕಕ್ಕಿಲ್ಲ! ಹೆಂಗ್ಸು ಹಗ್ಗ ಹಿಡಿದ್ರೆ ನಡೆಯಲ್ಲ!"

"ಮನೇವ್ರು ಅಂದಿದ್ದೆ ನಾನು," ಎಂದರು ಪಿಳ್ಳಪ್ಪನವರು. "ನಲವತ್ತು ವರ್ಷದಿಂದ ಆ ಮನೇಲಿ ಕೊಟ್ಟಿಗೆ ಬಾಚ್ತಿರೋಳು ಮನೇವ್ಳಲ್ವೇನಲಾ? ನಿಂದು ಎರಡ್ನೇ ಜೋಡಿ. ಹುಲ್ಲು ಆರೋಗುತ್ತೆ, ಹೊಡಿ."

ಇಷ್ಟಕ್ಕೆ ಮುಗಿದಿದ್ದರೆ ಹಬ್ಬ ಚೆನ್ನಾಗಿತ್ತು. ಆದರೆ ಪೇದೆಗಳು ಕೂಡ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು, ಅವರ ಕೈ ಸಡಿಲವಾಗಿತ್ತು. ರಾಮಾಂಜಿನಪ್ಪನ ಕಣ್ಣಿಗೆ ಅತ್ತೆ ಬೆಂಕಿಯೊಳಗೆ ಹೋದದ್ದು ಮಾತ್ರ ಕಂಡಿತ್ತು. ಮೂರು ದಿನದ ತರಬೇತಿ ಅವನ ನರನಾಡಿಗಳಲ್ಲಿ ಒಮ್ಮೆಲೇ ಎದ್ದಿತು. ವಿಶಲ್ಲು ಊದುತ್ತ, ಎತ್ತುಗಳಿಗೆಂದು ನೆನೆಹಾಕಿದ್ದ ಗೋಣಿಚೀಲ ಎಳೆದುಕೊಂಡು, ಬೆಂಕಿಯನ್ನು ಮೂವತ್ತು ಅಡಿ ದೂರದಿಂದ ಬಳಸಿ ಆಚೆ ಬದಿಗೆ ಓಡಿದ. ಅಲ್ಲಿ ಸೊಣ್ಣಮ್ಮ ಎತ್ತುಗಳ ಕುತ್ತಿಗೆ ತಬ್ಬಿಕೊಂಡು ಏದುಸಿರು ಬಿಡುತ್ತ ನಗುತ್ತಿದ್ದಳು. ಬೆಂಕಿ ತಗುಲಿದವರಿಗೆ ಒದ್ದೆ ಬಟ್ಟೆ ಹೊದಿಸಿ ನೆಲದ ಮೇಲೆ ಉರುಳಿಸಬೇಕು ಎಂಬುದು ಪಾಠ. ರಾಮಾಂಜಿನಪ್ಪ ಹೊದಿಸಿದ. ಆಮೇಲೆ ಉರುಳಿಸಿದ. ಬೆಂಕಿಗೆ ಮೈಯೊಡ್ಡಿಯೂ ಒಂದು ಕೂದಲು ಸುಡದೆ ಬಂದ ಹೆಂಗಸು, ಅಳಿಯನ ಕೈಯಲ್ಲಿ ರಕ್ಷಣೆಯಾಗಿ, ಮೊಣಕೈ ತರಚಿಸಿಕೊಂಡು ಕೆಸರಾಗಿ ಎದ್ದಳು. ಎದ್ದವಳ ಕೈಯಲ್ಲಿ ಎತ್ತಿನ ಹಗ್ಗ ಇನ್ನೂ ಇತ್ತು. ಆಮೇಲೆ ನಡೆದದ್ದನ್ನು ನಾನು ಎಣಿಸಲಿಲ್ಲ.

ದಫೇದಾರರಿಗೆ ಮಾತ್ರ ಬಹಳ ಸಮಾಧಾನವಾಯಿತು. ಕಾಗದ ಬಂದ ಮೇಲೆ ಅದಕ್ಕೊಂದು ಮುಕ್ತಾಯ ಬೇಕು. ಹಿದುಕಬೇಳೆ ಸಾರಿನಲ್ಲಿ ಊಟ ಮಾಡಿ, ಕೈ ತೊಳೆದು, ಪಿಳ್ಳಪ್ಪನವರ ಜಗಲಿಯ ಮೇಲೆ ಕೂತು ವರದಿ ಬರೆದರು. 'ಸಂಜೆ ಆರು ಗಂಟೆಗೆ ಮುನ್ಸೂಚನೆಯಂತೆಯೇ ಬೆಂಕಿ ಕಾಣಿಸಿಕೊಂಡಿತು. ಅದರಲ್ಲಿ ಸಿಲುಕಿದ ವೃದ್ಧೆಯೊಬ್ಬರನ್ನು ತರಬೇತಿ ಪಡೆದ ರಾಮಾಂಜಿನಪ್ಪ ಎಂಬವರು ಪ್ರಾಣದ ಹಂಗು ತೊರೆದು ಕಾಪಾಡಿದರು. ಪ್ರಾಣನಷ್ಟ ಇಲ್ಲ.'

ಒಂದೂವರೆ ತಿಂಗಳಿಗೆ ರಾಮಾಂಜಿನಪ್ಪನ ಹೆಸರಿಗೆ ಉದ್ದನೆಯ ಲಕೋಟೆ ಬಂತು. ಒಳಗೆ ದಪ್ಪ ಕಾಗದದ ಪ್ರಶಂಸಾಪತ್ರ, ಮೇಲೆ ಸಿಂಹದ ಮುದ್ರೆ. ಅದರ ಜೊತೆ ಇನ್ನೊಂದು ಚೀಟಿ: ತನ್ನನ್ನು ಬೆಂಕಿಯಿಂದ ಕಾಪಾಡಿದ್ದು ಇವರೇ ಎಂದು ಕಾಪಾಡಲ್ಪಟ್ಟವರು ಸಹಿ ಅಥವಾ ಹೆಬ್ಬೆಟ್ಟು ಹಾಕಿ ವಾಪಸು ಕಳಿಸಬೇಕು, ಇಲ್ಲದಿದ್ದರೆ ಪ್ರಶಂಸೆ ರದ್ದು. ಓದಿ ಹೇಳಲು ನನ್ನನ್ನು ಕರೆದರು. ನಾನು ಓದಿದೆ. ಸೊಣ್ಣಮ್ಮ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟಳು. ಗಂಗಲಕ್ಷ್ಮಮ್ಮ ತಾಯಿಯ ಮುಖವನ್ನೇ ನೋಡುತ್ತ ಬಾಗಿಲಲ್ಲಿ ನಿಂತಿದ್ದಳು. ಊರಿನಲ್ಲಿ ಅವಳ ಗಂಡನನ್ನು ಆಗಲೇ ಮಕ್ಕಳು ಗೋಣಿಚೀಲ ಎಂದು ಕರೆಯಲು ಶುರುಮಾಡಿದ್ದರು.

ಸೊಣ್ಣಮ್ಮ ಎಡಗೈ ಮುಂದೆ ಚಾಚಿದಳು. ನಾನು ಹೆಬ್ಬೆರಳಿಗೆ ಮಸಿ ಹಚ್ಚಿದೆ. ಅವಳು ಒತ್ತಿದಳು.

"ಏನಮ್ಮ ಇದು, ಸುಳ್ಳಿಗೆ ಹೆಬ್ಬೆಟ್ಟು ಒತ್ತಿದೆಯಲ್ಲ?" ಎಂದೆ ಮೆಲ್ಲಗೆ.

"ಇರ್ಲಿ ಬಿಡಪ್ಪ. ಎತ್ತು ಹಾಯಿಸ್ದೋಳು ಯಾರು ಅಂತ ಊರಿಗೆ ಗೊತ್ತು. ನನ್ ಮಗಳ ಗಂಡನಿಗೂ ಒಂದು ಮರ್ಯಾದೆ ಬೇಡ್ವಾ? ಕಾಗದದಲ್ಲಾದ್ರೂ ಇರ್ಲಿ," ಎಂದಳು.

ಗಂಗಲಕ್ಷ್ಮಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ರಾಮಾಂಜಿನಪ್ಪ ಚೀಟಿಯನ್ನು ಬೆಳಕಿಗೆ ಹಿಡಿದು, ಹುಬ್ಬು ಗಂಟಿಕ್ಕಿ, ಬಹಳ ಹೊತ್ತು ಪರೀಕ್ಷೆ ಮಾಡಿದ.

"ಅತ್ತೆ, ಗೆರೆ ಸರಿಯಾಗಿ ಮೂಡಿಲ್ಲ. ಮುಂಜಾಗ್ರತೆಗೆ ಇನ್ನೊಂದ್ಸಲ ಒತ್ಬಿಡಿ," ಎಂದ.

"ಬನ್ನಿ ಅಳಿಯಂದ್ರೆ, ಹತ್ರ ಬನ್ನಿ," ಎಂದು ಸೊಣ್ಣಮ್ಮ ಪ್ರೀತಿಯಿಂದಲೇ ಕರೆದು, ಎರಡನೆಯದನ್ನು ಅವನ ಹಣೆಯ ನಟ್ಟನಡುವೆ ಒತ್ತಿದಳು. ಆ ಮಸಿ ನಾಲ್ಕು ದಿನ ಹೋಗಲಿಲ್ಲ.